ಮೆಣಸಿನಕಾಯಿ ತುಳಿಯದ ಹೆಜ್ಜೆ

ಆಕೆ ಮಾತಿಲ್ಲದೆ ನನಗೆ ಎಣ್ಣೆ ಹಚ್ಚುತ್ತಿದ್ದಳು. ಹಳೆಯ ಸೀರೆಯ ತುಂಡನ್ನು ಕುಸುಬಿ ಎಣ್ಣೆಯಲ್ಲಿ ಅದ್ದಿ, ಹಿಂಡಿ, ನನ್ನ ಹಿಡಿಯಿಂದ ತಲೆಯವರೆಗೆ ಒಂದೇ ಸಮನೆ ಉಜ್ಜುತ್ತಿದ್ದಳು. ಎಣ್ಣೆ ಕುಡಿದಷ್ಟೂ ನನ್ನ ಮೈಬಣ್ಣ ಗಾಢವಾಗುತ್ತಿತ್ತು. ಹೊರಗೆ ಮೆಣಸಿನಕಾಯಿ ಚೀಲ ತುಂಬಿದ ಲಾರಿಯೊಂದು ಹಾದುಹೋಯಿತು. ಅಂಗಡಿಯೊಳಗೆ ಅವಳ ಅಪ್ಪ ಎರಡು ಸಲ ಸೀನಿದ. ಆಕೆ ತಲೆ ಎತ್ತಲಿಲ್ಲ. ನನ್ನ ಮೈಮೇಲೆ ಒಂದು ಸಣ್ಣ ಒರಟು ಉಳಿದಿತ್ತು. ಬೆರಳಿನಿಂದ ಅದನ್ನು ಹುಡುಕಿ, ಮರಳುಕಾಗದದ ಚೂರು ತಂದು ತಿಕ್ಕಿ, ಮತ್ತೆ ಎಣ್ಣೆ ಹಚ್ಚಿದಳು. ಈ ಲೋಕದಲ್ಲಿ ನಾನು ಕಂಡ ಮೊದಲ ಮುಖ ಅವಳದು.

ನಾನು ಒಂದು ಬೇಸ್‌ಬಾಲ್ ಬ್ಯಾಟು. ಹುಟ್ಟಿದ್ದು ಬ್ಯಾಡಗಿಯಲ್ಲಿ, ಮಾನಪ್ಪ ಬಡಿಗೇರನ ಮರ ಕಡೆಯುವ ಲೇತಿನ ಮೇಲೆ. ಅದಕ್ಕೆ ಮೊದಲು ನಾನು ಜಾಲಿ ಮರದ ಒಂದು ತುಂಡಾಗಿದ್ದೆ. ಕೊಡಲಿಯ ಕಾವು ಆಗಬೇಕಿದ್ದವನು. ಮಾನಪ್ಪನ ಅಂಗಡಿಯಲ್ಲಿ ತೊಟ್ಟಿಲ ಕಾಲು, ಲಟ್ಟಣಿಗೆ, ಮಜ್ಜಿಗೆ ಕಡೆಗೋಲು ಇವೇ ತಯಾರಾಗುತ್ತಿದ್ದವು. ಬೇಸ್‌ಬಾಲ್ ಎಂಬ ಆಟದ ಹೆಸರನ್ನೂ ಆತ ಕೇಳಿರಲಿಲ್ಲ. ಒಂದು ದಿನ ಶಾಲೆಯ ಪಿ.ಟಿ. ಮೇಷ್ಟ್ರು ಅಂದಾನಿ ಸರ್ ತಗ್ಗುಬಿದ್ದ ಅಲ್ಯೂಮಿನಿಯಂ ಬ್ಯಾಟೊಂದನ್ನು ತಂದು ಆತನ ಮುಂದಿಟ್ಟರು.

“ಇದರ ಅಳತಿಗೆ ಮರದಾಗ ಒಂದು ಮಾಡಿಕೊಡ್ರಿ ಮಾನಪ್ಪನವರ. ಹೆಣ್ಮಕ್ಕಳ ತಂಡ ಕಟ್ಟೀನಿ. ಹದಿನಾಲ್ಕು ಮಂದಿಗೆ ಇದೊಂದ ಬ್ಯಾಟು.”

ಮಾನಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. “ಇದೇನ್ರಿ ಸರ್, ಬಕಾಸುರನ ಮನಿ ಲಟ್ಟಣಿಗೀನ?”

ಆದರೂ ಆತ ನನ್ನನ್ನು ಬಹಳ ಅಕ್ಕರೆಯಿಂದ ಮಾಡಿದ. ಲೇತು ತಿರುಗಿತು, ಉಳಿ ತಗುಲಿತು, ನನ್ನ ಮೈಯಿಂದ ಸುರುಳಿ ಸುರುಳಿಯಾಗಿ ಹೊಟ್ಟು ಹಾರಿತು. ಹಿಡಿ ಸಣ್ಣಗಾಯಿತು, ಎದೆ ದಪ್ಪವಾಯಿತು. ಕೊನೆಗೆ ಕೈ ಸುಮ್ಮನಿರಲಾರದೆ ತಂತಿಯ ತುಂಡೊಂದನ್ನು ತಿರುಗುವ ನನ್ನ ಮೈಗೆ ಒತ್ತಿ ಹಿಡಿದ. ಹೊಗೆ ಎದ್ದಿತು. ಸುತ್ತಲೂ ಒಂದು ಕಪ್ಪು ಗೆರೆ ಸುಟ್ಟು ಮೂಡಿತು. ಅದರ ಮೇಲೆ ಗೇಣಿಗೊಂದರಂತೆ ಇನ್ನೆರಡು. ತೊಟ್ಟಿಲ ಕಾಲಿಗೆ ಹೀಗೆಯೇ ಗೆರೆ ಹಾಕುತ್ತಾರೆ.

ಅಂದಾನಿ ಸರ್ ನೋಡಿ ಹಣೆ ಚಚ್ಚಿಕೊಂಡರು. “ಬ್ಯಾಟಿಗೆ ಯಾಕ್ರಿ ಗೆರಿ?”

“ಗೆರಿ ಇಲ್ಲದ ಕೆಲಸ ನಮ್ಮ ಅಂಗಡಿಯಿಂದ ಹೊರಗ ಹೋಗಂಗಿಲ್ರಿ ಸರ್. ಇರಲಿ ಬಿಡ್ರಿ, ಚಂದ ಕಾಣ್ತೈತಿ.”

ಎಣ್ಣೆ ಒಣಗಿದ ಮೇಲೆ ನನ್ನನ್ನು ಶಾಲೆಗೆ ಮುಟ್ಟಿಸಿ ಬರುವ ಕೆಲಸ ಮಗಳಿಗೆ ಬಂತು. ಮಗಳ ಹೆಸರು ಕಾಳಿಕಾ. ಇಪ್ಪತ್ತೊಂದು ವರ್ಷ. ಏಳನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ‘ಒಂದು ಸುಗ್ಗಿ ಅಷ್ಟೆ’ ಎಂದು ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋದವಳು ಶಾಲೆಗೆ ಮರಳಲಿಲ್ಲ. ಮಾತು ಕಡಿಮೆ. ಆಡಿದರೂ ಎದುರಿಗಿದ್ದವರು ‘ಆಂ?’ ಎಂದು ಕಿವಿ ಮುಂದೆ ತರಬೇಕು. ಓಣಿಯ ಹೆಂಗಸರು ನಗುತ್ತಿದ್ದರು: “ಹೆಸರು ಕಾಳಿಕಾದೇವೀದು, ದನಿ ಗುಬ್ಬೀದು.” ಆದರೆ ಅವಳ ಕಣ್ಣು! ಒಮ್ಮೆ ನೋಡಿದ್ದನ್ನು ಅದು ಬಿಡುತ್ತಿರಲಿಲ್ಲ.

ಅಂದು ಸಂಜೆ ನನ್ನನ್ನು ಸರ್ ಕೈಗೆ ಕೊಟ್ಟು ಹೊರಟವಳು ಮೈದಾನದ ಗೋಡೆಯ ಹತ್ತಿರ ನಿಂತುಬಿಟ್ಟಳು. ಹುಡುಗಿಯರು ಸರದಿಯಲ್ಲಿ ನನ್ನನ್ನು ಹಿಡಿದರು. ಅಯ್ಯೋ, ಎಂಥ ಸಡಗರ! ಪುಟ್ಟ ಬೆವರುಗೈಗಳು, ಕಿರುಚಾಟ, ಮೊದಲ ಚೆಂಡಿನ ಬಡಿತ. ಚೆಂಡು ನನಗೆ ತಗುಲುವುದೆಂದರೆ ಏನೆಂದು ಆ ದಿನ ಗೊತ್ತಾಯಿತು. ಕೆಳಗಿನ ಗೆರೆಯ ಹತ್ತಿರ ಬಡಿದರೆ ನನ್ನ ಮೈಯೆಲ್ಲ ಜುಮ್ಮೆಂದು ಹಿಡಿದವಳ ಕೈ ಕಚ್ಚುತ್ತದೆ. ತಲೆಯ ತುದಿಗೆ ಬಡಿದರೆ ಸತ್ತ ಸದ್ದು. ಎರಡನೆಯ ಗೆರೆಗೂ ಮೂರನೆಯದಕ್ಕೂ ನಡುವೆ ಬಡಿದರೆ ಮಾತ್ರ ನೋವಿಲ್ಲ, ನಡುಕವಿಲ್ಲ. ಟಕ್ ಎನ್ನುವಷ್ಟರಲ್ಲಿ ಚೆಂಡು ಹೋಗಿಬಿಟ್ಟಿರುತ್ತದೆ. ಆ ದಿನ ಅಂಥದು ಒಂದೇ ಒಂದು ಆಯಿತು. ಗೋಡೆಯ ಹತ್ತಿರ ನಿಂತವಳ ಹುಬ್ಬು ಮೇಲೇರಿದ್ದನ್ನು ನಾನು ಕಂಡೆ. ಸದ್ದಿನಿಂದಲೇ ಅವಳಿಗೆ ತಿಳಿದಿತ್ತು.

ಮರುದಿನವೂ ಬಂದಳು, ಅದರ ಮರುದಿನವೂ. ಪೇಟೆಯಲ್ಲಿ ತೊಟ್ಟು ಬಿಡಿಸುವ ಕೆಲಸ ನಾಲ್ಕಕ್ಕೆ ಮುಗಿಯುತ್ತಿತ್ತು. ಕೈತೊಳೆದು ನೇರ ಮೈದಾನಕ್ಕೆ. ದೂರ ಹೋದ ಚೆಂಡು ತಂದುಕೊಡುತ್ತಿದ್ದಳು. ಹದಿನೈದು ದಿನದಲ್ಲಿ ಹುಡುಗಿಯರಿಗೆ ‘ಅಕ್ಕ’ ಆದಳು. ತಿಂಗಳಾಗುವಷ್ಟರಲ್ಲಿ ಸರ್ ಹೇಳಿದರು: “ತಂಗಿ, ಸಣ್ಣ ಹುಡುಗ್ಯಾರನ್ನ ನೀನ ನೋಡ್ಕೊ. ನನಗ ಮೊಣಕಾಲು ಹಿಡೀತಾವ.”

ಅಂದಾನಿ ಸರ್ ಮೂವತ್ತು ವರ್ಷಗಳ ಹಿಂದೆ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದವರು. ಅವರಿಗೆ ಅವರ ಗುರುಗಳು ಕಲಿಸಿದ ಹೊಡೆತ ಒಂದಿತ್ತು. ಚೆಂಡು ಬರುತ್ತಲೇ ಮುಂಗಾಲನ್ನು ದೊಡ್ಡದಾಗಿ ಮುಂದಿಡಬೇಕು, ಮೈಯ ಭಾರವನ್ನೆಲ್ಲ ಅದರ ಮೇಲೆ ಹಾಕಬೇಕು, ಮೇಲಿನಿಂದ ಕೆಳಕ್ಕೆ ಕೊಡಲಿಯಂತೆ ಕೊಚ್ಚಬೇಕು. “ಮುಂದ ಬಾ! ಕೊಚ್ಚು!” ಎಂಬ ಅವರ ಕೂಗು ಪೇಟೆಯವರೆಗೂ ಕೇಳುತ್ತಿತ್ತು.

ಕಾಳಿಕಾ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅಪ್ಪನ ಮೊಬೈಲಿನಲ್ಲಿ ಹೊರದೇಶದವರ ಆಟ ನೋಡುತ್ತಿದ್ದಳು. ಅವರ ಇಂಗ್ಲಿಷು ತಿಳಿಯುತ್ತಿರಲಿಲ್ಲ. ಆದ್ದರಿಂದ ದನಿ ಬಂದ್ ಮಾಡಿ ಮೈ ಮಾತ್ರ ನೋಡುತ್ತಿದ್ದಳು. ಒಂದೇ ಹೊಡೆತವನ್ನು ಇಪ್ಪತ್ತು ಸಲ. ಅವರು ಮುಂದಕ್ಕೆ ಬೀಳುತ್ತಿರಲಿಲ್ಲ. ಹಿಂಗಾಲ ಮೇಲೆ ಕಾದು ನಿಂತು, ಮೊದಲು ಸೊಂಟ ತಿರುಗಿಸಿ, ಕೈಗಳನ್ನು ಕೊನೆಗೆ ಬಿಡುತ್ತಿದ್ದರು. ಇದನ್ನು ಎಲ್ಲೋ ಕಂಡಿದ್ದೇನಲ್ಲ ಎಂದು ಅವಳಿಗೆ ಅನ್ನಿಸಿತು. ಪೇಟೆಯಲ್ಲಿ ಇಬ್ಬರು ಹಮಾಲರು ಚೀಲದ ಎರಡು ತುದಿ ಹಿಡಿದು ಲಾರಿಗೆ ಎಸೆಯುವುದನ್ನು ಆಕೆ ಒಂಬತ್ತು ವರ್ಷದಿಂದ ನೋಡಿದ್ದಳು. ಅವರದೂ ಸೊಂಟವೇ ಮೊದಲು, ಕೈ ಕೊನೆಗೆ. ತೋಳಿನಿಂದ ಎತ್ತುವ ಹೊಸಬನ ಚೀಲ ಲಾರಿ ಮುಟ್ಟುತ್ತಲೇ ಇರಲಿಲ್ಲ.

ಇದನ್ನು ಸರ್‌ಗೆ ಹೇಳಲು ಅವಳಿಗೆ ಎಂಟು ದಿನ ಬೇಕಾಯಿತು. ಹೇಳಿದಾಗ ಅವರು ಮೀಸೆ ಸವರಿಕೊಂಡರು.

“ಮೊಬೈಲ್ ನೋಡಿ ಕಲಿತಿ ಅಂತೀ?”

“ಹಮಾಲರನ್ನೂ ನೋಡೀನ್ರಿ.”

“ಹಮಾಲರನ್ನ!” ಸರ್ ಗಹಗಹಿಸಿ ನಕ್ಕರು. ಆದರೆ ಅವರು ಒಳ್ಳೆಯ ಆಟಗಾರರು, ಪರೀಕ್ಷೆಗೆ ಹೆದರುವವರಲ್ಲ. “ಆತು. ಅರ್ಧ ಮಂದಿ ನಿನ್ನವರು, ಅರ್ಧ ಮಂದಿ ನನ್ನವರು. ಯಾರ ಹೊಡತ ಬ್ಯಾಟಿನ ಎಲ್ಲಿ ಬೀಳ್ತೈತಿ ನೋಡೂಣು.”

ಹೀಗೆ ನನ್ನ ಮೈಯೇ ಪರೀಕ್ಷೆಯ ಹಾಳೆಯಾಯಿತು. ನನ್ನ ಎದೆ ಉಬ್ಬಿತು. ಮಾನಪ್ಪ ಅಂದಕ್ಕೆಂದು ಸುಟ್ಟ ಗೆರೆಗಳು ಈಗ ಅಳತೆಗೆ ಬಂದವು.

ಚೆಂಡು ಎಲ್ಲಿ ತಾಗಿತೆಂದು ಗುರುತು ಉಳಿಯಬೇಕಲ್ಲ? ಕಾಳಿಕಾಗೆ ಒಂದು ಉಪಾಯ ಹೊಳೆಯಿತು. ಪೇಟೆಯ ಕಟ್ಟೆಯ ಮೇಲೆ ಗುಡಿಸಿ ಒಟ್ಟಿದ್ದ ಕೆಂಪು ಧೂಳನ್ನು ಡಬ್ಬಿಯಲ್ಲಿ ತುಂಬಿ ತಂದಳು. ಚೆಂಡನ್ನು ಒದ್ದೆ ಮಾಡಿ ಅದರಲ್ಲಿ ಹೊರಳಿಸಿದಳು. ಒಂಬತ್ತು ವರ್ಷ ಮೆಣಸಿನಕಾಯಿಯ ನಡುವೆ ಕೂತವಳಿಗೆ ಅದರ ಘಾಟು ಘಾಟೇ ಅಲ್ಲ! ಮೊದಲ ಚೆಂಡಿಗೆ ಚೆಂದದ ಕೆಂಪು ಗುರುತು ಬಿತ್ತು. ಮೂರನೆಯದಕ್ಕೆ ಗಾಳಿಯಲ್ಲಿ ಕೆಂಪು ಮೋಡವೆದ್ದಿತು. ಐದನೆಯದಕ್ಕೆ ಇಡೀ ತಂಡ ಸೀನುತ್ತಿತ್ತು. ಪಾರವ್ವ ಲಮಾಣಿ ಎಂಬ ಎತ್ತರದ ಹುಡುಗಿ ಬೆವರು ಒರೆಸಿಕೊಳ್ಳಲು ಹೋಗಿ ಕಣ್ಣುಜ್ಜಿಕೊಂಡಳು. ಆಮೇಲೆ ಮೈದಾನ ಮೈದಾನವಾಗಿ ಉಳಿಯಲಿಲ್ಲ.

“ಅಕ್ಕಾ, ಸತ್ತೆ! ಕಣ್ಣು ಹೋದವು!”

“ನೀರ ತರ್ರೇ, ನೀರ!”

ಅಂದಾನಿ ಸರ್ ಮೀಸೆಯಲ್ಲಿ ಘಾಟು ಸಿಕ್ಕಿಹಾಕಿಕೊಂಡಿತ್ತು. ಕಣ್ಣಲ್ಲಿ ನೀರು ಸುರಿಸುತ್ತ ಅವರು ಕೇಳಿದರು: “ಏ ತಂಗಿ, ನಾವು ಬೇಸ್‌ಬಾಲ್ ಆಡಾಕತ್ತೇವೋ, ಮಿರ್ಚಿಭಜಿ ಕರಿಯಾಕತ್ತೇವೋ?”

ಕಾಳಿಕಾ ನಾಚಿ ಮುಖ ಮುಚ್ಚಿಕೊಂಡಳು. ಮುಚ್ಚಿದ ಕೈಯಲ್ಲೂ ಅದೇ ಧೂಳಿತ್ತು. ನಾನಂತೂ ಎರಡು ದಿನ ಉರಿದೆ.

ಮೂರನೆಯ ದಿನ ಆಕೆ ಕೆಮ್ಮಣ್ಣನ್ನೂ ರಂಗೋಲಿ ಹುಡಿಯನ್ನೂ ತಂದಳು. ಸರ್ ಕಡೆಯವರ ಚೆಂಡಿಗೆ ಕೆಂಪು, ತನ್ನ ಕಡೆಯವರದಕ್ಕೆ ಬಿಳಿ. ಸಂಜೆಯ ಹೊತ್ತಿಗೆ ನನ್ನ ಮೈಯೆಲ್ಲ ಚುಕ್ಕೆ. ಇಬ್ಬರೂ ಮಣ್ಣಿನ ಮೇಲೆ ಕೂತು ನನ್ನನ್ನು ತೊಡೆಯ ಮೇಲೆ ತಿರುಗಿಸಿ ಎಣಿಸಿದರು. ಕೆಂಪು ಚುಕ್ಕೆ ಬಹಳ, ಆದರೆ ಚೆಲ್ಲಾಪಿಲ್ಲಿ: ತುದಿಗೆ, ಬುಡಕ್ಕೆ, ಎಲ್ಲೆಂದರಲ್ಲಿ. ಬಿಳಿ ಚುಕ್ಕೆ ಅದರ ಅರ್ಧದಷ್ಟೂ ಇಲ್ಲ. ಇದ್ದವು ಮಾತ್ರ ಎರಡನೆಯ, ಮೂರನೆಯ ಗೆರೆಗಳ ನಡುವೆ ಒತ್ತೊತ್ತಾಗಿ ಕೂತಿದ್ದವು.

“ನಮ್ಮವರು ಹೆಚ್ಚು ಮುಟ್ಯಾರ,” ಎಂದರು ಸರ್.

“ನಮ್ಮವರು ಮುಟ್ಟಿದ್ದು ದೂರ ಹೋಗೈತ್ರಿ,” ಎಂದಳು ಕಾಳಿಕಾ.

“ನಿಮ್ಮವರು ಹತ್ತರಾಗ ಆರು ಬಿಟ್ಟಾರ.”

“ನಿಮ್ಮವರ ಹತ್ತರಾಗ ಎಂಟು ಅಂಗಳ ದಾಟಿಲ್ರಿ.”

ಅಷ್ಟು ಮಾತು ಆಕೆ ಒಂದೇ ದಿನದಲ್ಲಿ ಆಡಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. ಸರ್ ಸೋಲಲಿಲ್ಲ, ಆಕೆಯೂ ಗೆಲ್ಲಲಿಲ್ಲ. ಪಾರವ್ವನಂಥ ಗಟ್ಟಿಮುಟ್ಟು ಹುಡುಗಿಗೆ ಸೊಂಟ ತಿರುಗಿಸುವ ಹೊಡೆತ ಬಲು ಚೆನ್ನಾಗಿ ಒಲಿಯಿತು. ಆದರೆ ಮುಬೀನಾಗೆ ಎರಡೂ ಒಲಿಯಲಿಲ್ಲ. ಸರ್ ಹೇಳಿದಂತೆ ಹೊಡೆದರೆ ಚೆಂಡು ಅವಳ ಕಾಲಬುಡದಲ್ಲೇ ಕುಪ್ಪಳಿಸುತ್ತಿತ್ತು. ಅಕ್ಕ ಹೇಳಿದಂತೆ ಹಿಂದೆ ಕಾದು ನಿಂತರೆ ನನ್ನ ಭಾರಕ್ಕೆ ತಡವಾಗಿ ಚೆಂಡು ಕೈತಪ್ಪುತ್ತಿತ್ತು.

ಈ ಮುಬೀನಾ ತಂಡದಲ್ಲೆಲ್ಲ ಚಿಕ್ಕವಳು. ಏಳನೆಯ ತರಗತಿ. ಮೂಳೆ ಚಕ್ಕಳ. ಓಟದಲ್ಲಿ ಮಾತ್ರ ಯಾರ ಕೈಗೂ ಸಿಗದವಳು. ಅವಳ ತಾಯಿ ಖೈರೂಬಿ ಪೇಟೆಯಲ್ಲಿ ಕಾಳಿಕಾಳ ಪಕ್ಕದಲ್ಲೇ ಕೂತು ತೊಟ್ಟು ಬಿಡಿಸುವವಳು. ಒಂದು ಸಂಜೆ ಮಗಳನ್ನು ಕರೆಯಲು ಮೈದಾನಕ್ಕೆ ಬಂದ ಆಕೆ ಸಹಜವಾಗಿ ಹೇಳಿದಳು: “ಪರೀಕ್ಷಾ ಮುಗೀಲಿ, ಈಕಿನ್ನೂ ಪೇಟಿಗೆ ಕರ್ಕೊಂಡು ಬರ್ತೀನಿ. ಮನಿಯಾಗ ಕೂತು ಏನ್ ಮಾಡ್ತಾಳ? ಒಂದ ಸುಗ್ಗಿ ಅಷ್ಟ.”

ನಾನು ಆಗ ಕಾಳಿಕಾಳ ಕೈಯಲ್ಲಿದ್ದೆ. ಅವಳ ಹಿಡಿತ ಎಷ್ಟು ಬಿಗಿಯಾಯಿತೆಂದರೆ ನನ್ನ ಹಿಡಿ ಕಿರುಗುಟ್ಟಿತು.

ಮುಬೀನಾಗೆ ಕ್ರೀಡಾ ನಿಲಯದ ಸೀಟು ಸಿಗಬಹುದೇ ಎಂದು ಅವಳು ಅಂದೇ ಸರ್‌ಗೆ ಕೇಳಿದಳು. ಜಿಲ್ಲಾ ಕೇಂದ್ರದಲ್ಲಿ ಕ್ರೀಡಾ ವಸತಿ ನಿಲಯವಿದೆ, ಅಲ್ಲಿ ಸೀಟು ಸಿಕ್ಕರೆ ಹತ್ತನೆಯವರೆಗೆ ಊಟ, ವಸತಿ, ಶಾಲೆ ಎಲ್ಲ ಅವರದೇ ಎಂದು ಅವರೇ ಹಿಂದೆ ಹೇಳಿದ್ದರು. ಮೇ ತಿಂಗಳಲ್ಲಿ ಆಯ್ಕೆ. ಈ ಆಟಕ್ಕೆ ಎರಡೇ ಸೀಟು. ಎದುರು ಬಂದ ಹತ್ತು ಚೆಂಡು ಹೊಡೆದು ತೋರಿಸಬೇಕು. ಖೈರೂಬಿಯೂ ಒಪ್ಪಿದಳು: “ಸೀಟು ಸಿಕ್ರ ಹೋಗಲಿ. ಸಿಗಲಿಲ್ಲಂದ್ರ ನನ್ನ ಬುಟ್ಟಿ ಹಿಡೀತಾಳ.”

ಇನ್ನು ಆರು ವಾರ. ಹತ್ತು ಚೆಂಡು. ಆ ಹುಡುಗಿ ಶಾಲೆಯಲ್ಲಿ ಉಳಿಯುವುದೂ ಬಿಡುವುದೂ ನನ್ನ ಎರಡು ಗೆರೆಗಳ ನಡುವಿನ ಗೇಣುದ್ದದ ಜಾಗದ ಮೇಲೆ ನಿಂತಿತ್ತು.

ಕಾಳಿಕಾ ಮೊದಲು ನನ್ನನ್ನು ಅಪ್ಪನ ಹತ್ತಿರ ಒಯ್ದಳು. ಮಾನಪ್ಪ ನನ್ನನ್ನು ಮತ್ತೆ ಲೇತಿಗೇರಿಸಿ, ಹಿಡಿಯನ್ನೂ ಕುತ್ತಿಗೆಯನ್ನೂ ಸಣ್ಣ ಮಾಡಿ ಭಾರ ಇಳಿಸಿದ. ಗೆರೆ ಮುಟ್ಟಲಿಲ್ಲ. ನಾನು ಹಗುರಾದೆ. ಆದರೂ ಮುಬೀನಾಳ ಹೊಡೆತ ಸರಿಹೋಗಲಿಲ್ಲ. ದೊಡ್ಡ ಹೆಜ್ಜೆಯಿಟ್ಟು ಭಾರ ಮುಂದೆ ಚೆಲ್ಲಿದರೆ ನಿಧಾನದ ಚೆಂಡು ಬರುವ ಮೊದಲೇ ಅವಳ ಬಲವೆಲ್ಲ ಖರ್ಚಾಗಿರುತ್ತಿತ್ತು. ಹೆಜ್ಜೆಯನ್ನೇ ಇಡದಿದ್ದರೆ ಅಷ್ಟು ಸಣ್ಣ ಮೈಯಲ್ಲಿ ಬಲ ಹುಟ್ಟುತ್ತಿರಲಿಲ್ಲ.

ಅಂಥ ದಿನಗಳಲ್ಲಿ ಒಂದು ಮುಂಜಾನೆ ಕಾಳಿಕಾ ನನ್ನನ್ನು ಪೇಟೆಗೆ ಕರೆದೊಯ್ದಿದ್ದಳು. ಹಿಡಿಗೆ ಸೈಕಲ್ ಟ್ಯೂಬು ಸುತ್ತಿಸಬೇಕಿತ್ತು, ದಾರಿಯ ಸೈಕಲ್ ಅಂಗಡಿ ಇನ್ನೂ ತೆರೆದಿರಲಿಲ್ಲ, ಅದಕ್ಕೆ. ಚೀಲಗಳಿಗೆ ಒರಗಿ ನಿಂತು ನಾನು ಮೊದಲ ಸಲ ಆ ಕೆಂಪು ಬಯಲನ್ನು ಕಂಡೆ. ಕಣ್ಣು ಹರಿಯುವವರೆಗೆ ಒಣಗಲು ಹರವಿದ ಮೆಣಸಿನಕಾಯಿ. ಅದರ ನಡುವೆ ಖೈರೂಬಿ ತಲೆಯ ಮೇಲೆ ತುಂಬಿದ ಬುಟ್ಟಿ ಹೊತ್ತು ನಡೆದು ಬರುತ್ತಿದ್ದಳು. ಕಾಯಿ ತುಳಿದರೆ ಪುಡಿಯಾಗುತ್ತದೆ, ಕೆಲಸ ನೋಡಿಕೊಳ್ಳುವ ಮುಕಾದಮ ಬಯ್ಯುತ್ತಾನೆ. ಆದ್ದರಿಂದ ಅಲ್ಲಿ ನಡೆಯುವುದಕ್ಕೇ ಒಂದು ರೀತಿ ಇದೆ. ಆಕೆ ಮೊದಲು ಕಾಲ ತುದಿಯನ್ನು ಮಾತ್ರ ಮುಂದೆ ಜಾರಿಸುತ್ತಿದ್ದಳು. ಕಾಯಿಗಳು ತಾವಾಗಿ ಪಕ್ಕಕ್ಕೆ ಸರಿಯುತ್ತಿದ್ದವು. ಪಾದಕ್ಕೆ ನೆಲ ಸಿಕ್ಕ ಮೇಲೆಯೇ ಸೊಂಟದ ಭಾರ ಮುಂದೆ ಬರುತ್ತಿತ್ತು. ಕಾಲು ಮೊದಲು, ಭಾರ ಆಮೇಲೆ.

ತೊಟ್ಟು ಬಿಡಿಸುತ್ತಿದ್ದ ಕಾಳಿಕಾಳ ಕೈ ನಿಂತಿತು.

“ಖಾಲಾ, ಇನ್ನೊಮ್ಮೆ ನಡೀರಿ!”

“ಏನವ್ವಾ ಇದು, ನಾ ಏನ್ ಮದುಮಗಳೇನ, ನಡಿಗಿ ನೋಡಾಕ?” ಸಾಲಿನಲ್ಲಿ ಕೂತ ಹೆಂಗಸರೆಲ್ಲ ನಕ್ಕರು. ಖೈರೂಬಿ ಸೆರಗು ಸರಿಮಾಡಿಕೊಂಡು, ಬೇಕೆಂದೇ ಬಳುಕುತ್ತ ಇನ್ನೊಮ್ಮೆ ನಡೆದಳು. ಬುಟ್ಟಿ ಅಲುಗಲಿಲ್ಲ. ಒಂದು ಕಾಯಿಯೂ ಮುರಿಯಲಿಲ್ಲ.

ಆ ಸಂಜೆ ಕಾಳಿಕಾ ಮೈದಾನಕ್ಕೆ ನಡೆದು ಬರಲಿಲ್ಲ, ಓಡಿ ಬಂದಳು. ಉಡಿ ತುಂಬ ಒಣಕಾಯಿ. ಮುಬೀನಾಳನ್ನು ನಿಲ್ಲಿಸಿ, ಅವಳ ಮುಂಗಾಲು ಬೀಳುವ ಜಾಗದಲ್ಲಿ ಎರಡು ಕಾಯಿ ಇಟ್ಟಳು.

“ಕಾಲು ಇಡು, ಕಾಯಿ ತುಳೀಬ್ಯಾಡ. ಅಮ್ಮೀಗತೆ. ಸೊಂಟ ತಿರುವುವಾಗ ಒಮ್ಮೆಲೆ ತುಳಿ.”

ಮೊದಲ ಚೆಂಡಿಗೆ ಕಾಯಿ ಮೊದಲೇ ಪಟ್ ಎಂದಿತು, ನಾನು ಗಾಳಿ ಹೊಡೆದೆ. ಎರಡನೆಯದಕ್ಕೆ ಕಾಯಿ ಸದ್ದೇ ಮಾಡಲಿಲ್ಲ, ಚೆಂಡು ಸುಮ್ಮನೆ ಮುಟ್ಟಿ ಬಿತ್ತು. ಹೀಗೆ ಮೂವತ್ತು ನಲವತ್ತು ಚೆಂಡು. ಅರ್ಧ ಉಡಿ ಕಾಯಿ ಪುಡಿಯಾಗಿರಬೇಕು. ಆಮೇಲೆ ಒಂದು ಬಂತು ನೋಡಿ! ಮುಬೀನಾಳ ಕಾಲು ಕಾಯಿಯ ಮೇಲೆ ಹೂವಿನಂತೆ ಕೂತಿತು, ಕಾದು ನಿಂತಿತು. ಚೆಂಡು ಹತ್ತಿರ ಬಂತು. ಸೊಂಟ ತಿರುಗಿತು. ಕೆಳಗೆ ಪಟ್, ಮೇಲೆ ಟಕ್, ಎರಡೂ ಒಂದೇ ಕ್ಷಣದಲ್ಲಿ! ನನಗೆ ಏನೂ ತಿಳಿಯಲೇ ಇಲ್ಲ, ಅಷ್ಟು ಹಗುರ. ಚೆಂಡು ಗೋಡೆ ದಾಟಿ ಮೆಣಸಿನಕಾಯಿ ಚೀಲಗಳ ಮೇಲೆ ಹೋಗಿ ಬಿತ್ತು. ಹುಡುಗಿಯರು ಕುಣಿದರು. ಪಾರವ್ವ ಮುಬೀನಾಳನ್ನು ಎತ್ತಿ ಗಿರಗಿರನೆ ತಿರುಗಿಸಿದಳು.

ಅಂದಾನಿ ಸರ್ ನನ್ನನ್ನು ಕೈಗೆ ತೆಗೆದುಕೊಂಡು ಎರಡು ಗೆರೆಗಳ ನಡುವಿನ ಆ ಹೊಸ ಗುರುತನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಾವೇ ಒಂದು ಕಾಯಿ ಇಟ್ಟುಕೊಂಡು, ಮೊಣಕಾಲು ನೋವನ್ನೂ ಮರೆತು ನಿಂತರು. ಪಟ್, ಟಕ್.

“ಮೂವತ್ತು ವರ್ಷ ನಾ ಹೇಳಿದ್ದು ತಪ್ಪಲ್ಲ ತಂಗಿ,” ಎಂದರು. “ಮುಂದ ಬಾ ಅಂತ ತುಸು ಬ್ಯಾಗ ಹೇಳಿದ್ದೆ, ಅಷ್ಟ.”

ಮೇ ತಿಂಗಳ ಆಯ್ಕೆಯ ದಿನ ನಾನು ಮೊದಲ ಸಲ ಬಸ್ಸು ಹತ್ತಿದೆ. ಮುಬೀನಾ ನನ್ನನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಜಿಲ್ಲಾ ಕೇಂದ್ರದ ಮೈದಾನಕ್ಕೆ ಹತ್ತೊಂಬತ್ತು ಹುಡುಗಿಯರು ಬಂದಿದ್ದರು. ಅವರ ಕೈಯಲ್ಲಿ ಫಳಫಳ ಹೊಳೆಯುವ ಲೋಹದ ಬ್ಯಾಟುಗಳು. ನನ್ನನ್ನು ನೋಡಿ ಒಬ್ಬಳು “ಅದ್ಯಾಕ ತೊಟ್ಟಿಲ ಕಾಲು ತಂದೀರಿ?” ಎಂದು ಕಿಸಕ್ಕನೆ ನಕ್ಕಳು. ಮುಬೀನಾ ನನ್ನನ್ನು ಬೆನ್ನ ಹಿಂದೆ ಮರೆಮಾಡಿದಳು.

ಆಯ್ಕೆ ಮಾಡುವವರು ಟೊಪ್ಪಿಗೆ ಹಾಕಿದ ಒಬ್ಬ ಮೇಡಂ. ಕಲಿಸಿದವರು ಸುಣ್ಣದ ಗೆರೆಯ ಆಚೆ ನಿಲ್ಲಬೇಕು. ಮುಬೀನಾಳ ಹೆಸರು ಕೂಗಿದರು.

ಅವಳ ಅಂಗೈ ಎಷ್ಟು ಬೆವೆತಿತ್ತೆಂದರೆ ನಾನು ಜಾರುತ್ತಿದ್ದೆ. ಮೊದಲ ಚೆಂಡು ನಿಧಾನವಾಗಿ ಬಂತು. ಮುಬೀನಾ ಧಡ್ ಎಂದು ಕಾಲಿಟ್ಟು ಬೀಸಿದಳು. ಗಾಳಿ. ಎರಡನೆಯದು ನನ್ನ ತುದಿಗೆ ತಾಗಿ ನೆಲಕ್ಕೆ. ಮೂರನೆಯದು ಗಾಳಿ. ನಾಲ್ಕನೆಯದು ಬುಡಕ್ಕೆ ಬಡಿದು ಅವಳ ಕೈ ಕಚ್ಚಿತು, ಅವಳ ಕಣ್ಣಲ್ಲಿ ನೀರು ಬಂತು. ‘ಕಾಲು ಹಗುರ, ಮಗಾ, ಕಾಲು ಹಗುರ!’ ಎಂದು ನಾನು ಒಳಗೊಳಗೇ ಕೂಗಿದೆ. ಮರದ ಕೂಗು ಯಾರಿಗೆ ಕೇಳುತ್ತದೆ?

ಸುಣ್ಣದ ಗೆರೆಯ ಆಚೆ ಅಂದಾನಿ ಸರ್ ಬಾಯಿ ತೆರೆದರು. ‘ಮುಂದ ಬಾ’ ಎಂಬುದು ನಾಲಗೆಯ ತುದಿಯವರೆಗೆ ಬಂದಿತ್ತು. ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಕಾಳಿಕಾಳ ಕಡೆ ತಿರುಗಿದರು. “ನೀನ ಹೇಳು. ನಾ ಒದರಿದ್ರ ಆಕಿ ಮತ್ತ ಕೊಚ್ಚತಾಳ.”

ಕಾಳಿಕಾಳ ತುಟಿ ಅಲುಗಿತು. ದನಿ ಹೊರಡಲಿಲ್ಲ. ಐದನೆಯ ಚೆಂಡು ಹೋಯಿತು. ಆರನೆಯದು ಹೋಯಿತು. ಅಪರಿಚಿತ ಮೈದಾನ, ನೂರು ಜನ, ಟೊಪ್ಪಿಗೆಯ ಮೇಡಂ. ಆಕೆ ಸೆರಗಿನ ತುದಿಯನ್ನು ಹಿಂಡುತ್ತಿದ್ದಳು. ಏಳನೆಯದೂ ಹೋಯಿತು. ಮೇಡಂ ಹಾಳೆಯ ಮೇಲೆ ಪೆನ್ನು ಇಟ್ಟರು.

“ಮುಬೀನಾ! ಕಾಯಿ ತುಳೀಬ್ಯಾಡ!”

ಕಾಳಿಕಾಳಿಗೆ ಆ ದನಿ ಎಲ್ಲಿಂದ ಬಂತೋ! ಇಡೀ ಮೈದಾನ ತಿರುಗಿ ನೋಡಿತು. ಮರದ ಮೇಲಿನ ಕಾಗೆಗಳು ಎದ್ದವು.

“ಯಾವ ಕಾಯಿ?” ಎಂದು ಮೇಡಂ ತಮ್ಮ ಕಾಲಬುಡದಲ್ಲಿ ಹುಡುಕಿದರು. ಯಾರೋ ನಕ್ಕರು. ಮುಬೀನಾಗೂ ನಗು ಬಂತು. ಆ ನಗುವಿನಲ್ಲಿ ಅವಳ ಬೆರಳು ಸಡಿಲವಾಯಿತು, ಹೆಗಲು ಇಳಿಯಿತು. ಅವಳ ಪಾದದ ಕೆಳಗೆ ಅಲ್ಲಿ ಕಾಯಿ ಇರಲಿಲ್ಲ. ಆದರೂ ಎಂಟನೆಯ ಚೆಂಡಿಗೆ ಕಾಲು ಇಟ್ಟ ರೀತಿ ಇತ್ತಲ್ಲ, ಅದು ಖೈರೂಬಿಯ ನಡಿಗೆಯೇ! ಟಕ್. ಚೆಂಡು ದೂರದ ಬೇಲಿಗೆ ಹೋಗಿ ಬಡಿಯಿತು. ಒಂಬತ್ತನೆಯದು ವೇಗವಾಗಿ ಬಂತು. ಟಕ್. ಅದು ಬೇಲಿಯನ್ನೇ ಹಾರಿತು. ನಗುತ್ತಿದ್ದವರು ಬೇಲಿಯ ಕಡೆ ತಿರುಗಿದರು. ಹತ್ತನೆಯ ಚೆಂಡಿಗೆ ಅವಳು ಮೈಯಲ್ಲಿದ್ದ ಬಲವನ್ನೆಲ್ಲ ನನಗೆ ಕೊಟ್ಟಳು. ನಾನೂ ನನ್ನಲ್ಲಿದ್ದುದನ್ನೆಲ್ಲ ಚೆಂಡಿಗೆ ಕೊಟ್ಟೆ. ಸದ್ದು ಎರಡಾಯಿತು. ಒಂದು ಚೆಂಡಿನದು. ಇನ್ನೊಂದು ನನ್ನದು. ಕೆಳಗಿನ ಗೆರೆಯಿಂದ ಹಿಡಿಯವರೆಗೆ ನಾನು ಸೀಳಿಹೋಗಿದ್ದೆ. ಮಾನಪ್ಪ ಸಣ್ಣ ಮಾಡಿದ್ದ ಜಾಗವದು. ನೋವಾಗಲಿಲ್ಲ. ಚೆಂಡು ಎಲ್ಲಿ ಬೀಳುತ್ತದೆಂದು ನೋಡುವುದರಲ್ಲೇ ನಾನಿದ್ದೆ.

ಮೇಡಂ ಮುಬೀನಾಳನ್ನು ಓಡಿಸಿ ನೋಡಿದರು, ಚೆಂಡು ಹಿಡಿಸಿ ನೋಡಿದರು. ಆಮೇಲೆ ಕಾಳಿಕಾಳ ಹತ್ತಿರ ಬಂದರು.

“ಕೊನೆಯ ಮೂರು ಹೊಡೆತ ಬಹಳ ಚೆನ್ನಾಗಿದ್ದವು. ಆ ಕಾಲಿನ ಪಾಠ ನಿಮ್ಮದೇನಮ್ಮಾ? ನೀವು ಯಾವ ಕಾಲೇಜಿಗೆ ಆಡಿದ್ದಿರಿ?”

ಕಾಳಿಕಾಳ ದನಿ ಮತ್ತೆ ಗುಬ್ಬಿಯದಾಗಿತ್ತು. “ನಾ ಆಡಿಲ್ರಿ.”

“ಶಾಲೆಯಲ್ಲಿ?”

“ಇಲ್ರಿ. ಒಂದ ಚೆಂಡೂ ಹೊಡದಿಲ್ರಿ. ನೋಡೀನಿ, ಅಷ್ಟ.”

ಅಂದಾನಿ ಸರ್ ಅವಳ ಮುಖವನ್ನೇ ನೋಡಿದರು. ಮೂರು ತಿಂಗಳು ದಿನವೂ ಜೊತೆಗಿದ್ದೂ ಅವರಿಗೆ ಅದು ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ. ಎಣ್ಣೆ ಹಚ್ಚಿದ್ದು ಅವಳು, ಹೊತ್ತು ತಿರುಗಿದ್ದು ಅವಳು, ಗುರುತು ಎಣಿಸಿದ್ದು ಅವಳು. ಒಂದು ಸಲವೂ ಆಕೆ ನನ್ನನ್ನು ಬೀಸಿರಲಿಲ್ಲ.

ಎರಡು ಸೀಟಿನಲ್ಲಿ ಎರಡನೆಯದು ಮುಬೀನಾಗೆ ಸಿಕ್ಕಿತು. ಅರ್ಜಿಯ ಹಾಳೆಯನ್ನು ಪೇಟೆಗೇ ಒಯ್ದರು. ಖೈರೂಬಿ ಕೆಂಪಾದ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೆಬ್ಬೆಟ್ಟು ಒತ್ತಿದಳು. ಆಮೇಲೆ ಸಾಲಿನ ಹೆಂಗಸರಿಗೆಲ್ಲ ಕೇಳುವಂತೆ ಹೇಳಿದಳು: “ನನ್ನ ನಡಿಗಿಗೇ ಸಿಕ್ಕ ಸೀಟದು, ತಿಳೀತೇನ?” ಜೂನ್ ತಿಂಗಳಲ್ಲಿ ಮುಬೀನಾ ಟ್ರಂಕು ಹಿಡಿದು ಹೊರಟಳು. ಬಸ್ಸಿನ ಕಿಟಕಿಯಿಂದ ಕೈಚಾಚಿ ನನ್ನ ತಲೆಯನ್ನು ಒಮ್ಮೆ ಮುಟ್ಟಿದಳು.

ಅದಾಗಿ ಐದು ವರ್ಷ. ನಾನು ಈಗ ಮಾನಪ್ಪನ ಅಂಗಡಿಯ ಮೂಲೆಯಲ್ಲಿ, ಮಾರಾಟವಾಗದ ತೊಟ್ಟಿಲ ಕಾಲುಗಳ ಜೊತೆ ಇದ್ದೇನೆ. ಸೀಳಿಗೆ ತಾಮ್ರದ ತಂತಿ ಸುತ್ತಿದ್ದಾರೆ. ಜೇಡವೊಂದು ಮೇಲಿನ ಗೆರೆಯಿಂದ ಗೋಡೆಗೆ ಬಲೆ ಕಟ್ಟಿದೆ. ಅಂದಾನಿ ಸರ್ ನಿವೃತ್ತರಾಗಿ ತಮ್ಮೂರು ಗುತ್ತಲಕ್ಕೆ ಹೋದರು. ತಂಡವನ್ನು ಕಾಳಿಕಾ ನಡೆಸುತ್ತಾಳೆ. ಬ್ಯಾಡಗಿಯ ಹುಡುಗಿಯರು ಎಲ್ಲೇ ಆಡಲು ಹೋದರೂ ಮೊದಲು ಕಾಲ ತುದಿ ಜಾರಿಸುತ್ತಾರಂತೆ, ನೋಡಿದವರು ‘ಇವರು ಮೆಣಸಿನಕಾಯಿ ಊರಿನವರು’ ಎನ್ನುತ್ತಾರಂತೆ. ನನ್ನ ನಂತರ ಬಂದ ಬ್ಯಾಟುಗಳಿಗೂ ಮಾನಪ್ಪ ಮೂರು ಗೆರೆ ಹಾಕುತ್ತಾನೆ. ಈಗ ಅವು ಬೇಕೆಂದು ಕೇಳಿಯೇ ಹಾಕಿಸುತ್ತಾರೆ. ಕೊಡಲಿಯ ಕಾವಾಗಿದ್ದರೆ ನಾನು ಇನ್ನೂ ಗಟ್ಟಿಯಾಗಿರುತ್ತಿದ್ದೆನೇನೋ. ಆದರೆ ಆ ಹತ್ತನೆಯ ಚೆಂಡು ನನಗೆಲ್ಲಿ ಸಿಗುತ್ತಿತ್ತು? ಈಗಲೂ ದೂರದಿಂದ ಟಕ್ ಎಂಬ ಸದ್ದು ಕೇಳಿದರೆ ಅದು ಯಾವ ಗೆರೆಯ ಹತ್ತಿರ ಬಡಿಯಿತೆಂದು ಹೇಳಬಲ್ಲೆ.

ನಿನ್ನೆ ಸಂಜೆ ಕಾಳಿಕಾ ಅಂಗಡಿಗೆ ಬಂದು ಜೇಡರ ಬಲೆ ಒರೆಸಿ ನನ್ನನ್ನು ಮೈದಾನಕ್ಕೆ ಒಯ್ದಳು. ಹಳೆಯ ಬ್ಯಾಟು ಹೇಗಿತ್ತೆಂದು ಹೊಸ ಹುಡುಗಿಯರು ಕೇಳಿದ್ದರಂತೆ. ಅವರು ನನ್ನನ್ನು ಒಬ್ಬರಿಂದೊಬ್ಬರು ಕಸಿದು ನೋಡಿದರು, ತಂತಿ ಎಣಿಸಿದರು, ಮೂಸಿದರು. ಅಷ್ಟರಲ್ಲಿ ಹೊತ್ತು ಇಳಿಯುತ್ತಿತ್ತು. ಚೀಲ ಹೆಗಲಿಗೇರಿಸಿ, ನಾಳೆ ಮೊದಲು ಬ್ಯಾಟು ಹಿಡಿಯುವವರು ಯಾರೆಂದು ಜಗಳವಾಡುತ್ತ ಗೇಟಿನ ಕಡೆ ಓಡಿದರು.

ಕಾಳಿಕಾ ಒಬ್ಬಳೇ ಉಳಿದಳು. ಸುತ್ತ ನೋಡಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹೋಗಿ, ಹೊಡೆಯುವವರು ನಿಲ್ಲುವ ಪ್ಲೇಟಿನ ಪಕ್ಕ ನಿಂತಳು. ಎರಡೂ ಕೈಯಿಂದ ನನ್ನನ್ನು ಹೆಗಲ ಮೇಲೆತ್ತಿದಳು. ಆ ಕೈಗಳು ನನಗೆ ಎಷ್ಟು ಗೊತ್ತು, ಆದರೆ ಆ ಹಿಡಿತ ಹೊಸದು. ಅವಳ ಎದೆಬಡಿತ ನನ್ನ ಹಿಡಿಯವರೆಗೆ ಬರುತ್ತಿತ್ತು. ನನ್ನ ತಂತಿ ಬಿಗಿಯಾಗಿದೆ. ಒಂದು ಹೊಡೆತಕ್ಕೆ ನಾನು ಸಾಕು, ಖಂಡಿತ ಸಾಕು. ಹುಡುಗಿಯರು ಗೇಟು ದಾಟುತ್ತಿದ್ದರು. ಆಕೆ ಆ ಕಡೆ ಮುಖ ಮಾಡಿ ಕೇಳಿದಳು:

“ಯಾರರ ನನಗೂ ಒಂದ ಚೆಂಡು ಹಾಕ್ರವ್ವಾ.”